ಸಾವಿನ ಮನೆಯಿಂದ ಕರೆತಂದ ಇಬ್ಬರು

ಹುಡುಗಿ ಆಕಾಶದಲ್ಲಿ ದಾರಿ ತಪ್ಪಿದಳು ಎಂದು ಶ್ರೀಮಂಗಲದ ಹೋಟೆಲುಗಳಲ್ಲಿ ಈಗಲೂ ಹೇಳುವವರಿದ್ದಾರೆ. ತಪ್ಪಲಿಲ್ಲ. ಗೊತ್ತು ಮಾಡಿದ ದಾರಿಯನ್ನು ಬಿಡಲಿಲ್ಲ, ಅದಕ್ಕೇ ತಡವಾಯಿತು. ನಡೆದದ್ದು ಅಷ್ಟೆ. ಉಳಿದದ್ದೆಲ್ಲ ಕಾಫಿ ಕುಡಿಯುವಾಗ ಬಾಯಿಗೆ ಬಂದದ್ದು.

ನಾನು ಶಾಲೆಗೆ ಹೋದದ್ದು ನಾಲ್ಕನೆಯ ಕ್ಲಾಸಿನ ತನಕ. ಈ ಮುದುಕಿಗೆ ವಿಮಾನದ ವಿಷಯ ಎಂಥ ಗೊತ್ತು ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಆ ವಿಮಾನ ಏಳುವುದೂ ಇಳಿಯುವುದೂ ನನ್ನ ಗದ್ದೆಯಲ್ಲಿ. ಭತ್ತ ಕೊಯ್ದ ಮೇಲೆ ನಡುವಿನ ಬದುಗಳನ್ನು ಕಡಿದು, ಮಟ್ಟ ಮಾಡಿ, ಮಳೆಗಾಲದ ಉಳುಮೆಯ ತನಕ ಬಿಟ್ಟುಕೊಡುತ್ತೇನೆ. ವಿಮಾನವೆಂದರೆ ದೊಡ್ಡದೇನಲ್ಲ. ಇಬ್ಬರು ಕೂರಬಹುದು. ಮೇಲೆ ಬಟ್ಟೆಯ ರೆಕ್ಕೆ, ಬೆನ್ನಿಗೆ ಎಂಜಿನ್ನು, ಅದಕ್ಕೊಂದು ಪಂಕ. ಅದನ್ನು ನಡೆಸುವವರು ಸೈನ್ಯದಿಂದ ನಿವೃತ್ತರಾಗಿ ಬಂದವರು. ಊರಿನವರೆಲ್ಲ ಕ್ಯಾಪ್ಟನ್ ಎಂದು ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಗದ್ದೆ ಕೇಳಲು ಬಂದಾಗ, "ಬಾಡಿಗೆ ಬೇಡ, ನನ್ನ ಮೊಮ್ಮಗಳಿಗೆ ಇದನ್ನು ಕಲಿಸಿ" ಎಂದೆ. ಅವಳಿಗೆ ಹಾರುವ ಹುಚ್ಚು. ನನಗಿಲ್ಲ. ಆ ಸೀಟಿನಲ್ಲಿ ನಾನು ಇವತ್ತಿನ ತನಕ ಕೂತಿಲ್ಲ, ಕೂರುವ ಆಸೆಯೂ ಇಲ್ಲ. ನನ್ನ ಕೆಲಸ ನೆಲದ್ದು. ಬೆಳಿಗ್ಗೆ ಗದ್ದೆ ನಡೆದು ಹಂದಿ ಅಗೆದ ಕಡೆ ಮಣ್ಣು ಮುಚ್ಚುವುದು, ದನ ಅಟ್ಟುವುದು, ಗಾಳಿ ನೋಡಲು ಕಟ್ಟಿದ ಬಟ್ಟೆಯ ಚೀಲ ಹರಿದಿದ್ದರೆ ಹೊಲಿಯುವುದು.

ಅವಳ ಲೈಸೆನ್ಸಿಗೆ ಒಂದೇ ಒಂದು ಹಾರಾಟ ಬಾಕಿ ಇತ್ತು. ಒಬ್ಬಳೇ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಿ ಇಳಿಯಬೇಕು. ಮಾದಾಪುರದ ಹತ್ತಿರ ಒಂದು ಎಸ್ಟೇಟಿನವರ ಬಯಲು ಉಂಟು. ಪರೀಕ್ಷಕರು ಅಲ್ಲಿಗೆ ಬರುವುದೆಂದು ಗೊತ್ತಾಯಿತು. ಮಳೆಗೆ ಮೊದಲು ಅವರು ಮತ್ತೆ ಬರುವುದಿಲ್ಲ. ಮಳೆ ಬಂದರೆ ನನ್ನ ಗದ್ದೆಯಲ್ಲಿ ನೀರು ನಿಲ್ಲುತ್ತದೆ.

ಅವಳ ಅಪ್ಪ, ಅಂದರೆ ನನ್ನ ಮಗ, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಊಟಕ್ಕೆ ಕೂತಾಗ ಹೇಳಿಬಿಟ್ಟ: "ಈ ಸಲ ಆಗದಿದ್ರೆ ಮುಗೀತು. ನಮ್ಮ ಆಫೀಸಲ್ಲಿ ಕಂಪ್ಯೂಟರಿಗೆ ಒಬ್ರು ಬೇಕಂತೆ. ಮಾತಾಡಿ ಇಟ್ಟಿದ್ದೇನೆ. ಗಾಳಿಪಟ ಹಾರಿಸಿದ್ದು ಸಾಕು."

ಹುಡುಗಿ ನನ್ನ ಮುಖ ನೋಡಿದಳು. "ನನ್ನನ್ನೆಂಥ ನೋಡ್ತೀಯ? ಹಾರುವವಳು ನೀನು" ಎಂದೆ. ಮಗನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಒಂದು ಮಿತಿ ಎಂದು ಬೇಕಲ್ಲ.

ನನ್ನ ಕಣದ ಮೂಲೆಯಲ್ಲಿ, ಕಾಫಿ ಒಣಗಿಸಿ ಖಾಲಿಯಾದ ಜಾಗದಲ್ಲಿ, ಮೇಜು ಹಾಕಿ ನಕ್ಷೆ ಹಾಸಿದರು. ಫೋನು ಹಿಡಿಯುವುದು ಅಲ್ಲಿ ಮಾತ್ರ, ಕೆಳಗೆ ಗದ್ದೆಯಲ್ಲಿ ಸಿಗ್ನಲ್ ಇಲ್ಲ. ಮೊಮ್ಮಗಳು ಸ್ಕೇಲು ಇಟ್ಟು ಒಂದೇ ಗೆರೆ ಎಳೆದಳು. ನಮ್ಮ ಗದ್ದೆಯಿಂದ ವಿರಾಜಪೇಟೆ ಪಕ್ಕ, ಮೂರ್ನಾಡಿನ ಮೇಲೆ, ಅಲ್ಲಿಂದ ಮಾದಾಪುರ. ಕ್ಯಾಪ್ಟನ್ ಪೆನ್ಸಿಲಿನ ಹಿಂಬದಿಯಿಂದ ಗೆರೆಯ ನಡುವೆ ತಟ್ಟಿದರು.

"ಇದು ಯಾರ ಅಂಗಳ ಮಗಳೇ?"

ಅವಳು ನಾಲಿಗೆ ಕಚ್ಚಿಕೊಂಡಳು.

ಘಟ್ಟದ ಕೆಳಗೆ ದೊಡ್ಡ ವಿಮಾನ ನಿಲ್ದಾಣ ಉಂಟು. ಅದರ ಸುತ್ತ ಗಾಳಿಯಲ್ಲಿ ಒಂದು ಬೇಲಿ. ಕಣ್ಣಿಗೆ ಕಾಣುವುದಿಲ್ಲ, ನಕ್ಷೆಯಲ್ಲಿ ಮಾತ್ರ ಕಾಣುತ್ತದೆ. ಆ ಬೇಲಿ ಘಟ್ಟ ಹತ್ತಿ ನಮ್ಮ ಕಡೆಗೂ ಒಂದಿಷ್ಟು ಚಾಚಿದೆ. ಅದರೊಳಗೆ ಸೊಳ್ಳೆಯಷ್ಟು ದೊಡ್ಡ ವಿಮಾನ ಹೋದರೂ ಅಲ್ಲಿನ ಟವರಿನವರ ಒಪ್ಪಿಗೆ ಬೇಕು. ಕೇಳದೆ ಹೋದರೆ ಲೈಸೆನ್ಸ್ ಸಿಗುವುದು ಬಿಡಿ, ಮುಂದೆ ಆ ಹೆಸರು ಎತ್ತುವ ಹಾಗೂ ಇಲ್ಲ. ಕ್ಯಾಪ್ಟನ್ ಫೋನು ಮಾಡಿ ಕೇಳಿದರು. ಬೆಳಗಿನ ಹೊತ್ತು ದೊಡ್ಡ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತವೆ, ನೀವು ಹೊರಗಿನಿಂದಲೇ ಹೋಗಿ ಎಂದರಂತೆ. ಮರ್ಯಾದೆಯಿಂದಲೇ ಹೇಳಿದರು. ದೊಡ್ಡ ಬಸ್ಸುಗಳ ನಡುವೆ ಸೈಕಲ್ ಯಾರು ಬಿಡುತ್ತಾರೆ?

"ಹಾಗಾದ್ರೆ ಬಲಕ್ಕೆ ಹೋಗ್ಲಿ" ಎಂದೆ.

"ಬಲಕ್ಕೆ ಹುಲಿಕಾಡು, ಅಮ್ಮಾ. ಅದರ ಮೇಲೆ ತಗ್ಗಿನಲ್ಲಿ ಹಾರುವ ಹಾಗಿಲ್ಲ."

"ಎಡಕ್ಕೆ ಬೇಲಿ, ಬಲಕ್ಕೆ ಕಾಡು. ಅಂದ್ರೆ ಓಣಿ."

"ಓಣಿಯೇ. ಗೋಣಿಕೊಪ್ಪ, ಸಿದ್ದಾಪುರ, ಅಲ್ಲಿ ಕಾವೇರಿ ಸೇತುವೆ. ಅಲ್ಲಿಂದ ಹೊಳೆ ಹಿಡಿದು ಕುಶಾಲನಗರದ ಕಡೆ, ಆಮೇಲೆ ಹಾರಂಗಿಯ ಹಿನ್ನೀರು ನೋಡಿ ಎಡಕ್ಕೆ ಮಾದಾಪುರ."

ಆ ದಾರಿಯಲ್ಲಿ ನಾನು ಬಸ್ಸಿನಲ್ಲಿ ಎಷ್ಟೋ ಸಲ ಹೋದವಳು. ಗುರುತು ಹೇಳಿಕೊಟ್ಟೆ: ಇಂಥ ತಿರುವಿನಲ್ಲಿ ದೊಡ್ಡ ಅತ್ತಿಮರ, ಇಂಥ ಎಸ್ಟೇಟಿನ ಗೇಟು. ಕ್ಯಾಪ್ಟನ್ ಎಲ್ಲ ಕೇಳಿ, "ಅಮ್ಮಾ, ಮೇಲಿಂದ ನೋಡಿದ್ರೆ ಕೊಡಗಿನ ಎಲ್ಲ ಮರವೂ ಹೂಕೋಸು" ಎಂದರು. ನನ್ನ ಗುರುತು ಒಂದೂ ಕೆಲಸಕ್ಕೆ ಬರಲಿಲ್ಲ. ಮೇಲಿನವರಿಗೆ ನೀರು, ಸೇತುವೆ, ಶೀಟು ಹೊದೆಸಿದ ದೊಡ್ಡ ಮಾಡು ಇಂಥವು ಬೇಕು.

ಡೊಂಕು ದಾರಿಯನ್ನು ಅಳೆಯಲು ಸ್ಕೇಲು ಬರುವುದಿಲ್ಲ. ನನ್ನ ಹೊಲಿಗೆ ಡಬ್ಬದಿಂದ ದಾರ ತಂದುಕೊಟ್ಟೆ. ಹುಡುಗಿ ದಾರವನ್ನು ನಕ್ಷೆಯ ಮೇಲೆ ಓಣಿಯುದ್ದಕ್ಕೂ ಮಲಗಿಸಿ, ತಿರುವಿಗೊಂದು ಕಾಫಿ ಬೀಜ ಇಟ್ಟು, ಮತ್ತೆ ಎತ್ತಿ ಉದ್ದ ಅಳೆದಳು. ನೇರ ದಾರಿಗಿಂತ ತುಂಬಾ ಜಾಸ್ತಿ. ಅಷ್ಟಕ್ಕೆ ಪೆಟ್ರೋಲ್ ಲೆಕ್ಕ. ಸೇತುವೆಯ ತನಕ ಹೋಗಿ ಆಗದಿದ್ದರೆ ಅಲ್ಲಿಂದ ವಾಪಸು ಬರಲು ಎಷ್ಟು, ಅದರ ಮೇಲೆ ತುರ್ತಿಗೆ ಎಷ್ಟು ಎಂದು ಎರಡೂ ಕೂಡಿಸಿ, ಅಷ್ಟೇ ಉಳಿದಾಗ ತಿರುಗಲೇಬೇಕು ಎಂದು ಟ್ಯಾಂಕಿನ ಮೇಲೆ ಪೆನ್ನಿನಿಂದ ಒಂದು ಗೀಟು ಹಾಕಿದರು.

"ಸೇತುವೆಯ ಮೇಲೆ ಬಂದಾಗ ಮುಂದೆ ಬೆಟ್ಟ ಕಾಣದಿದ್ರೆ?" ಕ್ಯಾಪ್ಟನ್ ಕೇಳಿದರು.

"ಸುತ್ತು ಹಾಕಿ ಕಾಯ್ತೇನೆ."

"ಪೆಟ್ರೋಲು ಗೀಟಿಗೆ ಬಂದ್ರೆ?"

"ವಾಪಸು."

"ಮೂರ್ನಾಡಿನ ಕಡೆ ಬಿಸಿಲು ಉಂಟು, ಚೆನ್ನಾಗಿ ಕಾಣ್ತದೆ. ಆಗ?"

ಹುಡುಗಿಯ ಕಣ್ಣು ಮೊದಲು ಎಳೆದ ನೇರ ಗೆರೆಯ ಮೇಲೆ ಹೋಯಿತು. ನಾನೇ ಹೇಳಿದೆ: "ಬೇಲಿ ಹಾರಿದವಳಿಗೆ ನನ್ನ ಗದ್ದೆಯಲ್ಲಿ ಇಳಿಯಲಿಕ್ಕೆ ಜಾಗ ಇಲ್ಲ."

"ಆಯ್ತು ಮಾರಾಯ್ತಿ, ಗೊತ್ತಾಯ್ತು" ಎಂದಳು. ಅಜ್ಜಿಗೆ ಮಾರಾಯ್ತಿ ಎನ್ನುವಷ್ಟು ಬೆಳೆಸಿದ್ದು ನಾನೇ.

ಹಾರುವ ಮುನ್ನಾ ದಿನ ಬೆಳಿಗ್ಗೆ ಗದ್ದೆಗೆ ಇಳಿದರೆ ಆನೆ ದಾಟಿಹೋಗಿತ್ತು. ಮೂರೋ ನಾಲ್ಕೋ ಇರಬೇಕು. ಬೇಸಿಗೆಯ ಒಂದು ಮಳೆ ಬಿದ್ದು ನೆಲ ಮೆತ್ತಗಿತ್ತು, ಒಂದೊಂದು ಹೆಜ್ಜೆಯೂ ಬೋಗುಣಿಯಷ್ಟು ಆಳ. ವಿಮಾನದ ಚಕ್ರ ಸಣ್ಣದು. ಓಡುವಾಗ ಅದರಲ್ಲಿ ಸಿಕ್ಕಿದರೆ ಮೂಗು ಮಣ್ಣಿಗೆ. ಎಸ್ಟೇಟಿನ ಕೂಲಿ ಲೈನಿನ ಹೆಂಗಸರನ್ನು ಕರೆದು ಗುಂಡಿಗಳನ್ನು ತುಂಬಿಸಿದೆ. ಬರೀ ಮಣ್ಣು ಸುರಿದರೆ ಮತ್ತೆ ಕುಸಿಯುತ್ತದೆ. ಕೆಳಗೆ ಜಲ್ಲಿ, ಮೇಲೆ ಮಣ್ಣು, ಪದರ ಪದರ ಹಾಕಿ ದಿಮ್ಮಿಯಿಂದ ಗುದ್ದಬೇಕು. ಸಂಜೆಗೆ ಕ್ಯಾಪ್ಟನ್ ಅದರ ಮೇಲೆ ಜೀಪು ಓಡಿಸಿ ನೋಡಿದರು. ಕುಸಿಯಲಿಲ್ಲ.

ಮರುದಿನ ಮಂಜು. ಅದು ಏಳುವ ತನಕ ಕಾಯಲೇಬೇಕು. ಹುಡುಗಿ ಒಂದೊಂದೇ ಬೋಲ್ಟು ಮುಟ್ಟಿ ನೋಡಿದಳು, ರೆಕ್ಕೆಯ ಬಟ್ಟೆಯ ಹೊಲಿಗೆ ಸವರಿದಳು, ಪೆಟ್ರೋಲನ್ನು ಸೋಸಿ ಗೀಟು ದಾಟಿ ತುಂಬಿಸಿದಳು. ಕ್ಯಾಪ್ಟನ್ ಕಣದಲ್ಲಿ ನಿಂತು ಫೋನಿನಲ್ಲಿದ್ದರು. ಹಾರುವ ಮೊದಲು ಎರಡು ಕಡೆಯಿಂದ ಒಪ್ಪಿಗೆಯ ನಂಬರು ತೆಗೆದುಕೊಳ್ಳಬೇಕು, ಒಂದು ವಾಯುಪಡೆಯವರದ್ದು, ಇನ್ನೊಂದು ವಿಮಾನಗಳಿಗೆ ಮಾಹಿತಿ ಕೊಡುವ ಕೇಂದ್ರದ್ದು. ನಂಬರು ಸಿಕ್ಕಿದ ಮೇಲೆ ಹೇಳಿದ ಹೊತ್ತಿನೊಳಗೆ ಏಳಬೇಕು, ಇಲ್ಲದಿದ್ದರೆ ಅದು ಸತ್ತ ನಂಬರು. ಎರಡೂ ಸಿಕ್ಕಿದವು. ಮಂಜು ಹರಿಯಿತು. ಗದ್ದೆಯಲ್ಲಿ ದನ ತಡೆಯಲು, ಬೆಂಕಿ ಆರಿಸುವ ಸಿಲಿಂಡರ್ ಹಿಡಿಯಲು ಊರಿನ ಗಂಡಸರು ನಿಂತಿದ್ದರು. ಹುಡುಗಿ ಹೆಲ್ಮೆಟ್ ಹಾಕಿದಳು.

ಆಗ ಗುಂಡು ಕೇಳಿತು. ಒಂದು. ಹಿಂದೆಯೇ ಇನ್ನೊಂದು.

ನಮ್ಮಲ್ಲಿ ಎರಡು ಗುಂಡು ಅಂದರೆ ಸಾವು. ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಗದ್ದೆಯಾಚೆಯ ಮನೆಯ ಯಜಮಾನ ತಿಂಗಳುಗಟ್ಟಲೆ ಮಲಗಿದ್ದಲ್ಲೇ ಇದ್ದ. ಕಾಲು ಗಟ್ಟಿ ಇದ್ದಾಗ, ವಿಮಾನ ಎದ್ದರೆ ಸಾಕು, ಅಂಗಳಕ್ಕೆ ಬಂದು ಕೋಲು ಎತ್ತಿ ಬೈಯುತ್ತಿದ್ದ ಮನುಷ್ಯ. ಸತ್ತ ಮನೆಗೆ ಪ್ರತಿ ಮನೆಯಿಂದ ಜನ ಹೋಗಲೇಬೇಕು, ಕೈಯಲ್ಲಿದ್ದ ಕೆಲಸ ಬಿಟ್ಟು. ನಮ್ಮ ಗಂಡಸರು ಸಿಲಿಂಡರನ್ನು ಮೆಲ್ಲಗೆ ನೆಲಕ್ಕಿಟ್ಟು, ನನ್ನ ಮುಖ ನೋಡದೆ ಹೊರಟರು. ನಾನು ತಡೆಯಲಿಲ್ಲ. ತಡೆಯುವ ಮಾತೂ ಅಲ್ಲ.

ತೊಂದರೆ ಅಷ್ಟೇ ಆಗಿದ್ದರೆ ನಾನೇ ಸಿಲಿಂಡರ್ ಹಿಡಿದು ನಿಲ್ಲುತ್ತಿದ್ದೆ. ಆ ಮನೆಗೆ ಹತ್ತಿರದ ದಾರಿ ನನ್ನ ಗದ್ದೆಯ ನಡುವಿನ ಕಾಲುದಾರಿ. ನೋಡುತ್ತಿದ್ದ ಹಾಗೇ ಜನ ಎಸ್ಟೇಟಿನ ಕಡೆಯಿಂದ ಇಳಿದು, ವಿಮಾನ ಓಡುವ ಜಾಗವನ್ನೇ ಅಡ್ಡ ದಾಟಲು ಶುರು ಮಾಡಿದರು. ಬಿಳಿ ಸೀರೆ, ಕೊಡೆ, ಕೈಹಿಡಿದ ಮಕ್ಕಳು. ಎದ್ದ ವಿಮಾನ ತಿರುಗುವುದು ಆ ಮನೆಯ ಮುಂದೆ. ಅಲ್ಲಿ ಬರುವವರಿಗೆ ತಿಳಿಯಲಿ ಎಂದು ಇನ್ನೊಮ್ಮೆ ಕೋವಿ ಹಾರಿಸುವುದೂ ಉಂಟು, ಕೋವಿಯ ಬಾಯಿ ಆಕಾಶಕ್ಕೆ.

ಕ್ಯಾಪ್ಟನ್ ಕಣದಿಂದ ಇಳಿದು ಬಂದರು. "ಇವತ್ತು ಬೇಡ ಅಮ್ಮಾ. ರದ್ದು."

ಹುಡುಗಿ ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟಳು.

"ಪರೀಕ್ಷಕರು ಎಷ್ಟು ಹೊತ್ತು ಇರ್ತಾರೆ?" ಎಂದು ಕೇಳಿದೆ.

"ಬಿಸಿಲೇರಿದ್ರೆ ಗಾಳಿ ಕುದಿಯಲಿಕ್ಕೆ ಶುರು ಆಗ್ತದೆ. ಆಮೇಲೆ ಇವಳನ್ನು ನಾನೂ ಬಿಡುವುದಿಲ್ಲ, ಅವರೂ ಕಾಯುವುದಿಲ್ಲ."

"ಹೊಸ ನಂಬರು ಸಿಗ್ತದಾ?"

"ಕೇಳಿದ್ರೆ ಸಿಗಬಹುದು. ನಂಬರಿನ ವಿಷಯ ಅಲ್ಲ. ಜನ ತಡೆಯುವವರು ಯಾರು? ಕಾಲುದಾರಿಯ ಆ ಕಡೆಗೊಬ್ಬ, ಈ ಕಡೆಗೊಬ್ಬ, ಇಬ್ಬರಾದ್ರೂ ಬೇಕು. ಹೆಂಗಸು ಮಕ್ಕಳ ಮಾತಿಗೆ ಸಾವಿನ ಮನೆಗೆ ಹೋಗುವವರು ನಿಲ್ಲುವುದಿಲ್ಲ. ಊರಿನ ಗಂಡಸರೆಲ್ಲ ಅಲ್ಲಿದ್ದಾರೆ."

"ಅಲ್ಲಿಂದಲೇ ತರ್ತೇನೆ. ನೀವು ನಂಬರು ಕೇಳಿ."

ಸಾವಿನ ಮನೆಗೆ ಆಳು ಕೊಡುವುದು ಉಂಟು. ಅಲ್ಲಿಂದ ಆಳು ಕೇಳಿದವರನ್ನು ನಾನೂ ಕಂಡಿಲ್ಲ. ಆದರೆ ಕೇಳದೆ ಇದ್ದರೆ ಸಿಗುವುದಿಲ್ಲ ಎಂಬುದು ಗ್ಯಾರಂಟಿ. ಕೇಳಿದರೆ ಬೈಗುಳವಾದರೂ ಸಿಗುತ್ತದೆ. ಸೀರೆ ಬದಲಿಸಿ ಹೊರಟೆ.

ಹೆಣವನ್ನು ಆಗಷ್ಟೇ ಒಳಗೆ ಚಾಪೆಯ ಮೇಲೆ ಮಲಗಿಸಿದ್ದರು. ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ತಲೆಯ ಹತ್ತಿರ ಅವನ ಹೆಂಡತಿ ಕೂತಿದ್ದಳು. ನನಗಿಂತ ಹಿರಿಯಳು, ನಾನು ಅಕ್ಕ ಎನ್ನುವುದು. ಪಕ್ಕದಲ್ಲಿ ಕೂತೆ. ಬಳಸಿ ಮಾತಾಡಲು ನನಗೆ ಬರುವುದಿಲ್ಲ, ಹೊತ್ತೂ ಇರಲಿಲ್ಲ.

"ಅಕ್ಕಾ, ತಪ್ಪು ತಿಳ್ಕೊಂಡ್ರೂ ಸರಿ, ಕೇಳ್ತೇನೆ. ನನ್ನ ಮೊಮ್ಮಗಳು ಇವತ್ತು ಹಾರದಿದ್ರೆ ಇನ್ನು ಹಾರುವುದಿಲ್ಲ. ಗದ್ದೆಯಲ್ಲಿ ಜನ ತಡೆಯಲಿಕ್ಕೆ ನನಗೆ ಇಬ್ಬರು ಬೇಕು. ಅದು ಏಳುವ ತನಕ ಕೋವಿ ಹಾರಿಸಬಾರದು."

ಅಲ್ಲಿದ್ದ ಹೆಂಗಸರ ಅಳು ಅರ್ಧಕ್ಕೆ ನಿಂತಿತು. ಬಾಗಿಲಲ್ಲಿದ್ದ ಅವಳ ಮೈದುನ ಕೇಳಿದ: "ನಿಮಗೆ ನಾಚಿಕೆ ಅಂತ ಒಂದು ಉಂಟಾ?"

"ಉಂಟು. ಇವತ್ತು ಮನೆಯಲ್ಲಿ ಇಟ್ಟು ಬಂದಿದ್ದೇನೆ."

"ಅಣ್ಣನಿಗೆ ಆ ಸದ್ದು ಕೇಳಿದ್ರೆ ಆಗ್ತಿರಲಿಲ್ಲ. ಇನ್ನೂ ಸುಟ್ಟಿಲ್ಲ ಅವನನ್ನು, ಅಷ್ಟರಲ್ಲೇ..."

ಅಕ್ಕ ಕೈ ಎತ್ತಿದಳು. ಅವನು ನಿಲ್ಲಿಸಿದ. ಅವಳು ಗಂಡನ ಮುಖದ ಮೇಲಿನ ನೊಣ ಓಡಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಬೈಯುವವರು ಇವತ್ತು ಮಲಗಿದ್ದಾರೆ. ಹಾರಿಸುವುದಾದ್ರೆ ಈಗಲೇ ಹಾರಿಸು" ಎಂದಳು. ಆಮೇಲೆ ಬಾಗಿಲ ಕಡೆಗೆ: "ಕೋವಿ ಒಳಗಿಡಿ. ಸಣ್ಣವನೂ ಅಳಿಯನೂ ಇವಳ ಜೊತೆ ಹೋಗ್ಲಿ. ಎಲ್ಲ ಇಲ್ಲೇ ಕೂತು ಎಂಥ ಮಾಡ್ತೀರಿ, ಅವರನ್ನು ಏಳಿಸ್ತೀರಾ?"

ಅವಳ ಕಿರಿಯ ಮಗ ಎದ್ದ, ಅಳಿಯ ಎದ್ದ. ದಾರಿಯಲ್ಲಿ ಆ ಮಗ ಒಂದೇ ಮಾತು ಕೇಳಿದ, "ನಾವು ಎಲ್ಲಿ ನಿಲ್ಬೇಕು?" ತೋರಿಸಿದೆ. ಸತ್ತವನ ಮಗನೇ ಕೈ ಅಡ್ಡ ಹಿಡಿದು ನಿಂತ ಮೇಲೆ ಯಾರು ದಾಟುತ್ತಾರೆ? ಕಾಲುದಾರಿಯ ಎರಡೂ ಬದಿಯಲ್ಲಿ ಜನ ಸಾಲಾಗಿ ನಿಂತರು. ಒಬ್ಬಳು ಗೊಣಗಿದಳು, ಕೇಳಿಸಲಿಲ್ಲ ಎಂದು ಬಿಟ್ಟೆ.

ಹೊಸ ನಂಬರುಗಳು ಎರಡೂ ಬಂದಿದ್ದವು. ಕ್ಯಾಪ್ಟನ್ ಅವನ್ನು ಹುಡುಗಿಯ ಕೈಯ ಮೇಲೆಯೇ ಬರೆದರು. ನಾನು ಸಿಲಿಂಡರ್ ಹಿಡಿದು ರೆಕ್ಕೆಯಿಂದ ದೂರ ನಿಂತೆ. ಎಂಜಿನ್ ಕೂಗಿತು, ಗಾಳಿಯ ಚೀಲ ಒಮ್ಮೆ ನೋಡಿದಳು, ಓಡಿಸಿದಳು. ತುಂಬಿಸಿದ ಗುಂಡಿಗಳ ಮೇಲೆ ಚಕ್ರ ಹೋಗುವಾಗ ಮಾತ್ರ ನಾನು ನೆಲ ನೋಡಿದೆ. ಕುಸಿಯಲಿಲ್ಲ. ಎದ್ದಳು. ಆ ಮನೆಗೆ ಮುಟ್ಟುವ ಮೊದಲೇ ತಿರುಗಿ ಗೋಣಿಕೊಪ್ಪದ ಕಡೆ ಹೋದಳು. ಇಬ್ಬರನ್ನೂ ಕರೆದು, "ಇನ್ನು ನೀವು ಹೋಗಿ" ಎಂದೆ.

ಹುಡುಗಿ ಮಾದಾಪುರ ಮುಟ್ಟಬೇಕಾದ ಹೊತ್ತಾಯಿತು. ಫೋನಿಲ್ಲ. ಕ್ಯಾಪ್ಟನ್ ಕಣದಲ್ಲಿ ಈ ಮೂಲೆಯಿಂದ ಆ ಮೂಲೆಗೆ ನಡೆದರು. ನನ್ನ ಮಗ ಎಸ್ಟೇಟಿನಿಂದ ಸಾವಿಗೆಂದು ಬಂದವನು ಇತ್ತ ಹತ್ತಿದ.

"ಎಲ್ಲಿ ಅವಳು?"

"ಮೇಲೆ."

"ಎಷ್ಟು ಹೊತ್ತಾಯ್ತು?"

"ಆಗಬೇಕಾದ್ದಕ್ಕಿಂತ ಜಾಸ್ತಿ."

ಅವನು ಕಂಪ್ಯೂಟರಿನ ಮಾತು ಎತ್ತಲಿಲ್ಲ. ಮೆಟ್ಟಿಲ ಮೇಲೆ ಕೂತ, ನಾನೂ ಕೂತೆ. ಮೂವರೂ ಫೋನನ್ನೇ ನೋಡುತ್ತಿದ್ದೆವು, ಹಾಲು ಉಕ್ಕುವುದನ್ನು ಕಾಯುವ ಹಾಗೆ. ಪೆಟ್ರೋಲು ಮುಗಿಯುವ ಹೊತ್ತನ್ನು ಕ್ಯಾಪ್ಟನ್ ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಡೆಯುವುದನ್ನು ನಿಲ್ಲಿಸಿದರು. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಕೊನೆಗೆ ಫೋನು ರಿಂಗಾಯಿತು. "ಅಜ್ಜೀ, ಇಳಿದೆ."

"ಬೇಲಿಯೊಳಗೆ ಹೋದ್ಯಾ?"

"ಇಲ್ಲ."

"ಸರಿ" ಎಂದು ಫೋನನ್ನು ಅವಳ ಅಪ್ಪನ ಕೈಗೆ ಕೊಟ್ಟೆ. ಅಷ್ಟರಲ್ಲಿ ಆಚೆ ಮನೆಯಲ್ಲಿ ಹೆಣ ಎತ್ತುವ ಹೊತ್ತಾಗಿತ್ತು. ಹೋದೆ. ಆಗ ಕೋವಿ ಹಾರಿಸಿದರು.

ವಿಮಾನವನ್ನು ಮಾದಾಪುರದಲ್ಲೇ ಬಿಟ್ಟು ಹುಡುಗಿ ಸಂಜೆಗೆ ಜೀಪಿನಲ್ಲಿ ಬಂದಳು. ಊಟ ಮಾಡುತ್ತಾ ಹೇಳಿದಳು. ಸೇತುವೆಯ ಮೇಲೆ ಬಂದಾಗ ಮುಂದೆ ಬೆಟ್ಟವೇ ಇರಲಿಲ್ಲವಂತೆ, ಬರೀ ಮೋಡ. ಎಡಕ್ಕೆ ನೋಡಿದರೆ ಮೂರ್ನಾಡಿನ ಕಡೆ ಬಿಸಿಲು ಬಿದ್ದು ಮನೆಗಳ ಮಾಡು ಹೊಳೆಯುತ್ತಿತ್ತಂತೆ. ಇವಳು ಸೇತುವೆಯ ಮೇಲೆ ಸುತ್ತು ಹಾಕುತ್ತಾ ಇದ್ದಳು. ಕೆಳಗೆ ಬಟ್ಟೆ ಒಗೆಯುವವರು ಮೊದಲು ಕೈ ಬೀಸಿದರಂತೆ, ಆಮೇಲೆ ಬೇಜಾರಾಗಿ ಬಿಟ್ಟರಂತೆ. ಊರಿನವರು ದಾರಿ ತಪ್ಪಿ ತಿರುಗಿದಳು ಎನ್ನುವುದು ಇದನ್ನೇ. ಪೆಟ್ರೋಲು ಗೀಟಿನ ಹತ್ತಿರಕ್ಕೆ ಬಂತು, ವಾಪಸು ತಿರುಗಿಸಬೇಕು ಎನ್ನುವಷ್ಟರಲ್ಲಿ ಮೋಡ ಬಿಟ್ಟುಕೊಟ್ಟಿತು, ದೂರದಲ್ಲಿ ಹಾರಂಗಿಯ ನೀರು ಕಂಡಿತು.

"ಪರೀಕ್ಷಕರು ಎಂಥ ಹೇಳಿದ್ರು?" ಅವಳ ಅಪ್ಪ ಕೇಳಿದ.

"ಮೂರ್ನಾಡಿನ ಕಡೆ ತೆರೆದಿತ್ತಲ್ಲ, ಯಾಕೆ ಬರ್ಲಿಲ್ಲ ಅಂತ ಕೇಳಿದ್ರು. ಅದು ನನ್ನ ದಾರಿ ಅಲ್ಲ ಅಂದೆ. ಸಹಿ ಹಾಕಿದ್ರು."

ಮಗ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. "ಆಫೀಸಿಗೆ ಬೇರೆ ಯಾರನ್ನಾದ್ರೂ ನೋಡಿ ಅಂತ ಹೇಳ್ತೇನೆ" ಎಂದ. ಅವನಿಂದ ಅಷ್ಟು ಬಂದದ್ದೇ ಹೆಚ್ಚು.

ಮರುದಿನ ಬೆಳಕು ಹರಿಯುವಾಗ ಅವಳ ಹೊದಿಕೆ ಎಳೆದೆ.

"ಅಜ್ಜೀ, ಪಾಸಾದ ಮರುದಿನವಾದ್ರೂ ಮಲಗ್ಲಿಕ್ಕೆ ಬಿಡು."

"ಏಳು. ನಿನ್ನೆ ಆ ಮನೆಯಿಂದ ಇಬ್ಬರ ಕೆಲಸ ಸಾಲ ತಂದಿದ್ದೇನೆ. ನಾವಿಬ್ಬರೇ ಹೋಗಿ ತೀರಿಸಬೇಕು."

ಗದ್ದೆ ದಾಟಿ ಹೋದೆವು. ಹಿಂದಿನ ದಿನ ಬಂದವರಿಗೆಲ್ಲ ಗಂಜಿ ಬೇಯಿಸಿದ ಪಾತ್ರೆಗಳು ಹಿತ್ತಲಲ್ಲಿ ರಾಶಿ ಬಿದ್ದಿದ್ದವು. ಅಕ್ಕ ಒಳಗಿನಿಂದ ನೋಡಿದಳು, ಬೇಡ ಎನ್ನಲಿಲ್ಲ. ಹುಡುಗಿ ಅಂಗಿಯ ತೋಳು ಮಡಚಿ ಬಾವಿಯಿಂದ ನೀರು ಸೇದಿದಳು. ಕೈಯ ಮೇಲಿನ ನಂಬರು ಇನ್ನೂ ಅಳಿಸಿರಲಿಲ್ಲ. ನಾನು ಎಲ್ಲಕ್ಕಿಂತ ದೊಡ್ಡ ಹಂಡೆಯನ್ನು ಮಗುಚಿ ಹಾಕಿ, ಬೂದಿ ತೆಗೆದುಕೊಂಡು ತಳದ ಮಸಿ ಉಜ್ಜಲು ಕೂತೆ.